ಐಸಿನ ಮೇಲೆ ಕಾಲು ಬದಲಿಸದವನು

ತಲೆಗೆ ಆರುನೂರು ರೂಪಾಯಿ. ನಾಲ್ಕು ಜನರ ರಕ್ತಪರೀಕ್ಷೆಗೆ ನಾನು ಕೊಟ್ಟ ರೇಟು ಇದು. ಲ್ಯಾಬಿನ ಗೋಡೆಗೆ ಅಂಟಿಸಿದ್ದ ಪಟ್ಟಿಯಲ್ಲಿ ಒಂಬೈನೂರು ಅಂತ ಇತ್ತು.

ರಕ್ತಕ್ಕೂ ಚೌಕಾಸಿಯಾ ಎಂದು ಕೇಳಬೇಡಿ. ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿದವಳು ನಾನು. ಗೋಡೆಗೆ ಅಂಟಿಸಿದ ರೇಟು ಅಂದರೆ ನನಗೆ ಅದು ಮಾತು ಶುರು ಮಾಡುವ ಜಾಗ ಅಷ್ಟೆ.

"ಹ್ವಾಯ್ ಅಕ್ಕ, ಇದ್ ಮೀನ್ ಮಾರ್ಕೆಟ್ ಅಲ್ಲ ಮರ್ರೆ" ಅಂದರು ಲ್ಯಾಬಿನವರು.

"ಅದ್ಕೇ ಕಮ್ಮಿ ಮಾಡಿ ಅಂದದ್ದ್. ಮೀನಾರೆ ಕಿವಿ ಎತ್ತಿ ತಾಜಾನಾ ಅಂದ್ ಕಾಂಬುಕಾತ್ತ್. ನಿಮ್ ಸಾಮಾನ್ ಹ್ಯಾಂಗಿತ್ತ್ ಅಂದ್ ನಾ ಎಲ್ಲಿ ಎತ್ತಿ ಕಾಣ್ಲಿ?"

ನಕ್ಕರು. ನಕ್ಕವರು ಇಳಿಯುತ್ತಾರೆ, ಇದು ಮೂವತ್ತು ವರ್ಷದ ವ್ಯಾಪಾರದಲ್ಲಿ ನಾನು ಕಂಡುಕೊಂಡ ಸತ್ಯ. ಏಳುನೂರಕ್ಕೆ ಬಂದರು. ನಾನು ಬಿಡಲಿಲ್ಲ. ಕೊನೆಗೆ ಅವರೇ ಒಂದು ದಾರಿ ತೋರಿಸಿದರು. ನಾಲ್ಕೂ ಜನರಿಗೆ ಬೇರೆ ಬೇರೆ ಪ್ರಿಂಟು, ಕವರು, ಅದರ ಮೇಲೆ ಹೆಸರು, ಇದೆಲ್ಲ ಬೇಡ. ಎಲ್ಲ ವರದಿಯನ್ನೂ ಒಟ್ಟಿಗೆ ನನ್ನ ವಾಟ್ಸಾಪಿಗೆ ಹಾಕಿಬಿಡುತ್ತೇವೆ, ಆಗಬಹುದಾ?

ಆಗದೆ ಏನು? ದುಡ್ಡು ಕೊಡುವವಳು ನಾನು. ವರದಿ ನನಗೆ ಬಂದರೆ ಸಾಕು. ಆರುನೂರಕ್ಕೆ ಮುಗಿಯಿತು.

ಒಳ್ಳೆಯ ವ್ಯಾಪಾರ ಮಾಡಿದೆ ಅಂದುಕೊಂಡು ಬಸ್ರೂರು ಮೂರ್ಕೈ ಸರ್ಕಲಿನಲ್ಲಿ ನಿಂತು ಒಂದು ಎಳನೀರನ್ನೂ ಕುಡಿದೆ. (ಅದಕ್ಕೆ ಚೌಕಾಸಿ ಮಾಡಲಿಲ್ಲ. ಸಂತೋಷವಾಗಿತ್ತು.)

ಕೆಲಸಕ್ಕೆ ಸೇರಿಸುವ ಮೊದಲು ರಕ್ತಪರೀಕ್ಷೆ ಯಾಕೆ? ಹಂಗಾರಕಟ್ಟೆಯ ನನ್ನ ಐಸ್ ಪ್ಲಾಂಟ್ ನೋಡಿದವರು ಈ ಪ್ರಶ್ನೆ ಕೇಳುವುದಿಲ್ಲ. ಉಪ್ಪುನೀರಿನ ಟ್ಯಾಂಕಿನಿಂದ ಕ್ಯಾನ್ ಎತ್ತಬೇಕು, ಬ್ಲಾಕ್ ಉರುಳಿಸಬೇಕು, ಕ್ರಷರಿಗೆ ತಳ್ಳಬೇಕು. ನೆಲವೆಲ್ಲ ಒದ್ದೆ, ಗಾಳಿಯೆಲ್ಲ ಥಂಡಿ. ಇದರ ಮೇಲೆ ನೀರನ್ನು ಐಸು ಮಾಡುವ ಅಮೋನಿಯಾ ಗ್ಯಾಸು. ಹೋದ ವರ್ಷ ಹೊಸದಾಗಿ ಬಂದವನೊಬ್ಬ ಅಮೋನಿಯಾದ ಸ್ವಲ್ಪ ವಾಸನೆಗೇ ಉಸಿರು ಕಟ್ಟಿ ಗೇಟಿನ ಹತ್ತಿರ ಕುಸಿದು ಕೂತ. ಅವನಿಗೆ ಹುಟ್ಟಿನಿಂದ ದಮ್ಮು. ಹೇಳಿದರೆ ಕೆಲಸ ಸಿಗಲಿಕ್ಕಿಲ್ಲ ಎಂದು ಹೇಳಿರಲಿಲ್ಲ. ಅವನು ಬದುಕಿದ. ನಾನು ಮಾತ್ರ ಆ ದಿನದಿಂದ ಪರೀಕ್ಷೆಯಿಲ್ಲದೆ ಯಾರನ್ನೂ ಒಳಗೆ ಬಿಡುವುದಿಲ್ಲ ಎಂದು ನಿಶ್ಚಯಿಸಿದೆ.

ಜುಲೈ ಕೊನೆ. ಮೀನುಗಾರಿಕೆಯ ರಜೆ ಮುಗಿದು ಬೋಟುಗಳು ನೀರಿಗಿಳಿಯುವ ಹೊತ್ತು. ಐಸಿಗೆ ಬೇಡಿಕೆ ಬರುವ ಮೊದಲು ಪ್ಲಾಂಟಿಗೆ ಜನ ಬೇಕು. ನಾಲ್ಕು ಜನ ಬಂದರು. ಅದರಲ್ಲೊಬ್ಬ ಘಟ್ಟದ ಬುಡದ ಕೆರಾಡಿಯವನು, ಅಷ್ಟು ಐಸ್ ಒಟ್ಟಿಗೆ ಕಂಡದ್ದು ಅದೇ ಮೊದಲಂತೆ, ಮುಟ್ಟಿ ಮುಟ್ಟಿ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದ. ನನ್ನ ಕಣ್ಣಿಗೆ ಬಿದ್ದವನು ಶಿರೂರಿನ ಸುಧಾಕರ. ಮೀನುಗಾರರ ಮನೆಯವ, ಬೋಟಿನ ಕೆಲಸ ಗೊತ್ತು. ಹೆಂಡತಿಗೆ ದಿನ ತುಂಬಿದೆ, ಹತ್ತು ಹತ್ತು ದಿನ ಕಡಲಿನಲ್ಲಿರಲು ಈಗ ಮನಸ್ಸಿಲ್ಲ, ದಡದ ಮೇಲೊಂದು ಕೆಲಸ ಬೇಕು ಅಂದ. ಕಾರಣ ಸರಿಯಾಗಿತ್ತು. ಮೈಕಟ್ಟೂ ಸರಿಯಾಗಿತ್ತು.

ನನ್ನ ಷರತ್ತನ್ನು ಅವನಿಗೂ ಹೇಳಿದೆ.

"ರಜೆ ಬೇಕಾರೆ ತಕೊ. ನಾ ಬ್ಯಾಡ ಅಂಬುದಿಲ್ಲ. ಆದ್ರೆ ಬದ್ಲಿ ಜನ ಕೊಡ್ಕ್. ಅಣ್ಣನೋ ತಮ್ಮನೋ, ಮನೆಯಿಂದ ಒಬ್ರ್ ಬಂದ್ರ್ ಸಾಕ್."

"ಅಕ್ಕ್ ಅಕ್ಕ" ಅಂದ. ಆಗಬಹುದು ಎಂದು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೋಟಿಗೆ ಒಬ್ಬ ಬಾರದಿದ್ದರೆ ಅವನ ಮನೆಯಿಂದ ಇನ್ನೊಬ್ಬ ಬರುತ್ತಾನೆ. ಮದುವೆಗೆ ಅಪ್ಪನಿಗೆ ಹೋಗಲಾಗದಿದ್ದರೆ ಮಗ ಹೋಗಿ ಕೂತು ಬರುತ್ತಾನೆ. ಸೊಸೈಟಿಯ ಮೀಟಿಂಗಿಗೆ, ಸಾವಿನ ಮನೆಗೆ, ಪಂಚಾಯಿತಿಗೆ, ಎಲ್ಲಕ್ಕೂ ಮನೆಯಿಂದ ಒಬ್ಬರು. ಹೆಸರು ಯಾರದ್ದು, ಹೋದವರು ಯಾರು ಎಂದು ಯಾರೂ ಲೆಕ್ಕ ಇಡುವುದಿಲ್ಲ. ಮನೆ ಲೆಕ್ಕಕ್ಕೆ ಸೇರಿದರೆ ಮುಗಿಯಿತು.

ನಾಲ್ವರಲ್ಲಿ ಮೂವರು ಕುಂದಾಪುರ, ಬೈಂದೂರು ಕಡೆಯವರು. ಕುಂದಾಪುರದ ಲ್ಯಾಬಿಗೆ ಇಂಥ ದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಿ ಎಂದು ಎಲ್ಲರಿಗೂ ತಿಳಿಸಿದೆ. ಮರುದಿನ ನನ್ನ ಮೊಬೈಲಿಗೆ ನಾಲ್ಕು ವರದಿ ಬಂತು. ಮೂರು ಸರಿ. ಸುಧಾಕರನದ್ದರಲ್ಲಿ ಸಕ್ಕರೆಯ ಸಾಲಿನ ಮುಂದೆ ದಪ್ಪ ಅಕ್ಷರದಲ್ಲಿ ಒಂದು ದೊಡ್ಡ ಸಂಖ್ಯೆ. ಅದನ್ನು ಓದಲು ಡಾಕ್ಟರಾಗಬೇಕಾಗಿರಲಿಲ್ಲ. ನನ್ನ ಅತ್ತೆಗೆ ಹದಿನೈದು ವರ್ಷ ಷುಗರ್ ಇತ್ತು. ಅಂಥ ಸಂಖ್ಯೆ ಅವರಿಗೂ ಬಂದದ್ದು ನಾನು ಕಂಡಿಲ್ಲ.

ಇಷ್ಟು ಚಿಕ್ಕ ವಯಸ್ಸಿಗೆ! ಪಾಪ ಅನ್ನಿಸಿತು. ಆದರೆ ಒದ್ದೆ ನೆಲ, ಕಬ್ಬಿಣದ ಕ್ಯಾನು, ಥಂಡಿ. ಕಾಲಿಗೊಂದು ಗಾಯವಾದರೆ? ನಾಳೆ ತಲೆ ತಿರುಗಿ ಟ್ಯಾಂಕಿಗೆ ಬಿದ್ದರೆ? ಬೇಡ ಎಂದು ತೀರ್ಮಾನಿಸಿದೆ. ಫೋನ್ ಮಾಡಿದರೆ ಮಾತು ಬೆಳೆಯುತ್ತದೆ, ಕಾರಣ ಕೇಳುತ್ತಾನೆ, ಅಳುತ್ತಾನೆ. ಹಾಗಾಗಿ ಒಂದು ವಾಯ್ಸ್ ಮೆಸೇಜು ಹಾಕಿದೆ: "ಈ ಸಲ ಆತಿಲ್ಲೆ ಮಾರಾಯಾ, ಮುಂದಿನ್ ಸಲ ಕಾಂಬ." ಅಷ್ಟೆ. ಸಂಖ್ಯೆಯ ಮಾತು ಎತ್ತಲಿಲ್ಲ.

ಎತ್ತಬೇಕಿತ್ತಾ? ನೀವಾದರೆ ಎತ್ತುತ್ತಿದ್ದಿರಾ? ಕೆಲಸ ಕೊಡುವವರು ಹೆಚ್ಚಿನವರು ಹೀಗೇ ಮಾಡುತ್ತಾರೆ. "ತಿಳಿಸುತ್ತೇವೆ" ಅನ್ನುತ್ತಾರೆ, ತಿಳಿಸುವುದಿಲ್ಲ.

ಆಗಸ್ಟ್ ಶುರುವಾಯಿತು. ಒಂದು ದಿನ ಬೆಳಿಗ್ಗೆ ಪ್ಲಾಂಟಿನ ಗೇಟಿನಲ್ಲಿ ಸುಧಾಕರ ನಿಂತಿದ್ದ. ಕೈಯಲ್ಲಿ ಒಂದು ಮೈಸೂರು ಪಾಕಿನ ಪೆಟ್ಟಿಗೆ.

"ಹೆಣ್ಣ್ ಅಕ್ಕ" ಅಂದ. ಮುಖದಲ್ಲಿ ನಗು, ಆದರೆ ಕಣ್ಣು ನೆಲದ ಮೇಲೆ.

"ಒಳ್ಳೆದಾಯ್ತ್. ತಾಯಿ ಮಗು ಸೌಖ್ಯವಾ?"

"ಸೌಖ್ಯ. ಮನೆಗೆ ಬಂದ್ರ್. ಅಕ್ಕ, ಒಂದ್ ಮಾತ್. ಎಂತಕ್ಕೆ ಆತಿಲ್ಲೆ ಅಂದದ್ದ್ ಹೇಳಿ. ನಾ ಎಂತಾರೂ ತಪ್ಪ್ ಮಾತಾಡಿದ್ನಾ?"

ಎದುರಿಗೆ ಬಂದು ನಿಂತವನಿಗೆ ವಾಯ್ಸ್ ಮೆಸೇಜು ಹಾಕಲಾಗುವುದಿಲ್ಲ. ಒಳಗೆ ಕರೆದು ಕುಳ್ಳಿರಿಸಿದೆ.

"ತಪ್ಪೆಂತ ಇಲ್ಲೆ. ನಿಂಗೆ ಷುಗರ್ ಇತ್ತ್ ಮಾರಾಯಾ. ಸಣ್ಣದಲ್ಲ. ಮೊದ್ಲ್ ಡಾಕ್ಟ್ರ ಹತ್ರ ಹೋಯ್ಕ್ ನೀನ್. ಕೆಲ್ಸ ಮತ್ತೆ ಕಾಂಬ."

ಅವನು ನನ್ನ ಮುಖ ನೋಡಿದ. ಮತ್ತೆ ಜೋರಾಗಿ ನಗಲಿಕ್ಕೆ ಶುರು ಮಾಡಿದ. ತಲೆ ಮೇಲಿನ ದೊಡ್ಡ ಹೊರೆ ಇಳಿಸಿದವನ ನಗು ಅದು.

"ಅಯ್ಯೋ ಅಕ್ಕ! ಅಷ್ಟೇ ಅಲ್ದಾ? ಅದ್ ನನ್ ರಕ್ತ ಅಲ್ಲ. ಅಣ್ಣಂದ್!"

"ಎಂತ?"

"ಅವತ್ತ್ ಬೆಳಿಗ್ಗೆ ಇವ್ಳನ್ನ ಹೆರಿಗೆಗೆ ಸೇರ್ಸಿದ್ದೆ. ಬಿಟ್ ಬಪ್ಪುಕೆ ಆಯ್ಲಿಲ್ಲ. ಮತ್ತೆ ಖಾಲಿ ಹೊಟ್ಟೇಲಿ ಬರ್ಕ್ ಅಂದಿದ್ರಿ. ನಾ ಆಸ್ಪತ್ರೆ ಕ್ಯಾಂಟೀನಲ್ಲಿ ಚಾ ಕುಡ್ದಾಯ್ತ್. ಅಣ್ಣ ಎಂತದೂ ತಿಂದಿರ್ಲಿಲ್ಲ. ಅದ್ಕೆ ಅವ್ನನ್ನೇ ಕಳ್ಸಿದೆ."

"ನಿನ್ ಹೆಸ್ರಲ್ಲಿ?"

"ಹೌದ್. ಹೆಸ್ರ್ ಕೇಂಡ್ರಂಬ್ರ್, ನನ್ ಹೆಸ್ರ್ ಹೇಳ್ದ. ನೀವೇ ಹೇಳಿದ್ರಲ್ದಾ ಅಕ್ಕ, ಬಪ್ಪುಕಾಗ್ದಿರೆ ಮನೆಯಿಂದ ಒಬ್ರನ್ನ ಕಳ್ಸ್ಕ್ ಅಂದ್ಹೇಳಿ?"

ಬೈಯೋಣ ಎಂದರೆ ಇವನಿಗೆ ಮೋಸ ಮಾಡುವ ಬುದ್ಧಿಯೇ ಇರಲಿಲ್ಲ. ಕೆಲಸಕ್ಕೆ ಸೇರುವ ಮೊದಲೇ ನನ್ನ ಷರತ್ತನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿದ್ದ. ಬದಲಿ ಜನ ಕೊಟ್ಟಿದ್ದ!

"ಈಗ ನನ್ ರಕ್ತ ತಕಣಿ. ಇಲ್ಲೇ ತಕಣಿ ಬೇಕಾರೆ" ಎಂದು ಅಂಗಿಯ ತೋಳು ಮಡಚಿದ. ನಗುತ್ತಲೇ ಇದ್ದ.

ನಾನು ನಗಲಿಲ್ಲ.

"ಸುಧಾಕರ, ಆ ಷುಗರ್ ನಿಂದಲ್ಲ. ಹಾಂಗಾರೆ ಯಾರದ್ದ್?"

ಅವನ ನಗು ಅರ್ಧಕ್ಕೆ ನಿಂತಿತು. ಮಡಚಿದ ತೋಳು ಹಾಗೇ ಇತ್ತು.

"ಅಣ್ಣನಿಗಾ? ಅವ್ನಿಗೆ ಎಂತ ಕಾಯಿಲೆ ಅಕ್ಕ? ಜ್ವರ ಬಂದದ್ದ್ ಸಾ ನಾ ಕಾಣ್ಲಿಲ್ಲ. ನಮ್ಮ್ ಕೇರಿಗೇ ಗಟ್ಟಿ ಜನ ಅವ."

"ಕಾಲಿಗೆ ಎಂತಾರು ಗಾಯ ಇತ್ತಾ?"

ಅತ್ತೆಯ ಕಾಲನ್ನು ದಿನಾ ಒರೆಸಿ ಮುಲಾಮು ಹಚ್ಚಿದವಳು ನಾನು. ಷುಗರ್ ಅಂದರೆ ನನಗೆ ಮೊದಲು ನೆನಪಾಗುವುದು ಕಾಲು.

"ತೊರ್ಕೆ ಮೀನಿನ ಬಾಲದ್ ಮುಳ್ಳ್ ಚುಚ್ಚಿದ್ದ್ ಒಂದಿತ್ತ್. ಮಳೆಗಾಲದ್ ಮುಂಚೆ ಆದದ್ದ್. ಒಣಗ್ಲಿಲ್ಲ. ಆದ್ರೆ ನೋವೇ ಇಲ್ಲೆ ಅಂಬ. ನೋವಿಲ್ದಿದ್ ಗಾಯ ಎಂತ ಮಾಡತ್ತ್?"

"ಎಲ್ಲಿದ್ದ ಈಗ?"

"ಮಲ್ಪೆಯಲ್ಲಿ. ಸೀಸನ್ನಿನ ಫಸ್ಟ್ ಟ್ರಿಪ್. ಇವತ್ತ್ ಮಧ್ಯಾಹ್ನ ಬೋಟ್ ಹೊರಡ್ತ್. ಈಗ ಐಸ್ ತುಂಬ್ಸ್ತಿಪ್ಪರ್."

ಆಳ ಸಮುದ್ರದ ಬೋಟು. ಹೋದರೆ ಹತ್ತು ಹನ್ನೆರಡು ದಿನ. ಉಪ್ಪುನೀರು, ಐಸು, ಒಣಗದ ಗಾಯ, ಆ ದೊಡ್ಡ ಸಂಖ್ಯೆ. ಅವನ ಅಣ್ಣ ನಾಗರಾಜನಿಗೆ ಫೋನ್ ಮಾಡಿಸಿದೆ. ಎತ್ತಲಿಲ್ಲ. ಮತ್ತೆ ಮಾಡಿಸಿದೆ. ಎತ್ತಲಿಲ್ಲ. "ವಾಹನ ಹತ್ತ್" ಅಂದೆ. ಮೈಸೂರು ಪಾಕಿನ ಪೆಟ್ಟಿಗೆ ಮೇಜಿನ ಮೇಲೇ ಉಳಿಯಿತು.

ದಾರಿಯುದ್ದಕ್ಕೂ ಅವನು ಒಂದೇ ಮಾತು ಹೇಳುತ್ತಿದ್ದ: "ಲ್ಯಾಬಿನವ್ರಿಗೆ ತಪ್ಪಿಪ್ಪುಕೂ ಸಾಕಲ್ದಾ ಅಕ್ಕ?" ಬ್ರಹ್ಮಾವರ ದಾಟುವಾಗ ಮತ್ತೆ ಅಣ್ಣನಿಗೆ ಫೋನ್ ಹಚ್ಚಿದ.

ಮಲ್ಪೆಯ ಧಕ್ಕೆ ಸೀಸನ್ನಿನ ಮೊದಲ ವಾರ ಹೇಗಿರುತ್ತದೆ ಎಂದು ನಿಮಗೆ ಗೊತ್ತು. ಹೊಸ ಬಣ್ಣ ಬಳಿದ ಬೋಟುಗಳು ಒಂದಕ್ಕೊಂದು ಅಂಟಿ ನಿಂತಿದ್ದವು. ನಾವು ಹುಡುಕಿ ಬಂದ ಬೋಟಿಗೆ ಕ್ರಷರಿನಿಂದ ಪುಡಿ ಐಸು ಬೀಳುತ್ತಿತ್ತು. ಬೋಟ್ ನಡೆಸುವ ತಾಂಡೇಲ ಶೀನಣ್ಣ ನನ್ನನ್ನು ನೋಡಿದ ಕೂಡಲೇ ಕೈ ಎತ್ತಿದ.

"ಹ್ವಾಯ್! ಇದೆಂತ ಅಕ್ಕ ಇಲ್ಲಿವರೆಗೆ? ಐಸ್ ಬೇರೆಯವ್ರ ಹತ್ರ ತಕಂಡದ್ದಕ್ಕೆ ಜಗಳ ಮಾಡುಕೆ ಬಂದ್ರಿಯಾ?"

"ಜಗಳ ಮತ್ತೆ ಮಾಡುವ. ನಾಗರಾಜ ಎಲ್ಲಿದ್ದ?"

"ಕೆಳಗೆ ಸ್ಟೋರಿನೊಳ್ಗೆ. ಅವ್ನ್ ಬಿಟ್ರೆ ಅಷ್ಟ್ ಹೊತ್ತ್ ಐಸಿನ್ ಮೇಲೆ ನಿಂಬ ಜನ ನನ್ ಹತ್ರ ಯಾರಿದ್ರ್? ಉಳ್ದವ್ರ್ ಕೋಳಿ ಹಾಂಗೆ ಕಾಲ್ ಎತ್ತಿ ಎತ್ತಿ ಕುಣಿತ್ರ್. ಇವ ಕಾಲ್ ಬದ್ಲಿಸುದೇ ಇಲ್ಲ. ಕಂಬ!"

ಇಲ್ಲಿ ಒಂದು ವಿಷಯ ಹೇಳಬೇಕು. ಬೋಟಿನ ಹೊಟ್ಟೆಯಲ್ಲಿ ಐಸು ಹರಡಿ ಮೀನು ಜೋಡಿಸುವವನನ್ನು ಆರಿಸಲು ಕೆಲವು ತಾಂಡೇಲರದ್ದು ಒಂದು ಹಳೆಯ ಪರೀಕ್ಷೆ ಇದೆ. ಬರಿಗಾಲಲ್ಲಿ ಐಸಿನ ಮೇಲೆ ನಿಲ್ಲಿಸುವುದು. ಯಾರು ಹೆಚ್ಚು ಹೊತ್ತು ಕಾಲು ಬದಲಿಸದೆ ನಿಲ್ಲುತ್ತಾನೋ ಅವನು ಗಟ್ಟಿಗ. ಐಸ್ ಪ್ಲಾಂಟುಗಳಲ್ಲೂ ಹಳಬರು ಹೀಗೇ ಜನ ಆರಿಸುತ್ತಿದ್ದರು. ಡಾಕ್ಟರು ಬೇಡ, ರಕ್ತ ಬೇಡ, ಆರುನೂರು ರೂಪಾಯಿಯೂ ಬೇಡ. ನಾಗರಾಜ ಎರಡು ವರ್ಷದಿಂದ ಈ ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸು.

ನಾನು ಬಗ್ಗಿ ಕೆಳಗೆ ನೋಡಿದೆ.

ಮೂವತ್ತೈದರ ಆಸುಪಾಸಿನ ಆಳು. ಸಲಿಕೆಯಲ್ಲಿ ಐಸು ಎಳೆಯುತ್ತಿದ್ದ. ಒಂದು ಕಾಲಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ಹಗ್ಗ ಕಟ್ಟಿಕೊಂಡಿದ್ದ, ಗಾಯಕ್ಕೆ ನೀರು ತಾಗಬಾರದೆಂದು. ಇನ್ನೊಂದು ಬರಿಗಾಲು. ಪಾದ ಮುಳುಗುವಷ್ಟು ಐಸಿನಲ್ಲಿ ಎರಡೂ ಕಾಲನ್ನು ಊರಿಕೊಂಡು, ಸಿಮೆಂಟಿನ ನೆಲದ ಮೇಲೆ ನಿಂತಂತೆ ನಿಂತಿದ್ದ.

ಐಸು ನನ್ನ ಅನ್ನ. ಅದರ ಮೇಲೆ ನಿಂತವನು ಏನು ಮಾಡುತ್ತಾನೆ ಎಂದು ನನಗೆ ಗೊತ್ತು. ಎಷ್ಟೇ ಗಟ್ಟಿಗನಾಗಲಿ, ಗೊತ್ತಿದ್ದೋ ಗೊತ್ತಿಲ್ಲದೆಯೋ ಭಾರವನ್ನು ಈ ಕಾಲಿನಿಂದ ಆ ಕಾಲಿಗೆ ದಾಟಿಸುತ್ತಾನೆ. ಹೆಬ್ಬೆರಳು ಮಡಚುತ್ತಾನೆ. ಹಿಮ್ಮಡಿ ಎತ್ತುತ್ತಾನೆ. ಇವನ ಕಾಲಿನಲ್ಲಿ ಯಾವುದೂ ಆಗಲಿಲ್ಲ.

"ನಾಗರಾಜ, ಮೇಲ್ ಬಾ."

ತಮ್ಮನನ್ನೂ ನನ್ನನ್ನೂ ನೋಡಿ ಗಾಬರಿಯಾದ. "ಎಂತ ಸುಧಾ, ಮಗುಗೆ ಎಂತ ಆಯ್ತ್?"

"ಮಗು ಸೌಖ್ಯ ಅಣ್ಣ. ನೀ ಮೇಲ್ ಬಾ."

ಮೇಲೆ ಬಂದ. ಸುಧಾಕರ ಹೇಳಲು ಹೋಗಿ ನನ್ನ ಕಡೆ ತಿರುಗಿದ. ನಾನೇ ಹೇಳಿದೆ. ನೀನು ಕೊಟ್ಟ ರಕ್ತದಲ್ಲಿ ಹೀಗೆ ಬಂದಿದೆ, ಈ ಟ್ರಿಪ್ ಬೇಡ, ಈಗಲೇ ಆಸ್ಪತ್ರೆಗೆ ಹೊರಡು.

ನಾಗರಾಜ ನಕ್ಕ. ಅಣ್ಣ ತಮ್ಮಂದಿರ ನಗು ಒಂದೇ ತರಹ.

"ನಂಗಾ? ಅಕ್ಕ, ಪಂಜ ಹಿಡೀರಿ ಕಾಂಬ! ಶೀನಣ್ಣ, ನಂಗೆ ಕಾಯಿಲೆ ಅಂಬ್ರ್ ಕಾಣಿ."

ಶೀನಣ್ಣನಿಗೆ ನಗು ಬರಲಿಲ್ಲ, ಸಿಟ್ಟು ಬಂತು. "ಅಕ್ಕ, ಬೋಟ್ ಹೊರಡು ಹೊತ್ತಿಗೆ ಇದೆಂತ ಅಪಶಕುನ? ಟ್ರಿಪ್ ಮುಗ್ಸಿ ಬರ್ಲಿ. ಹತ್ತ್ ದಿನ. ಅಷ್ಟರೊಳ್ಗೆ ಎಂತ ಆತ್ತ್?"

ವಾದಕ್ಕೆ ನಿಂತರೆ ಸೋಲುತ್ತೇನೆ ಎಂದು ಗೊತ್ತಾಯಿತು. ವ್ಯಾಪಾರದಲ್ಲಿ ಬಾಯಿ ಸೋತಾಗ ಸಾಮಾನು ತೋರಿಸಬೇಕು. ನಾಗರಾಜನನ್ನು ಬಲೆಯ ರಾಶಿಯ ಮೇಲೆ ಕೂರಿಸಿದೆ. ಚೀಲ ಬಿಚ್ಚಬೇಡ, ಈ ಒಳ್ಳೆಯ ಕಾಲನ್ನೇ ಚಾಚು ಅಂದೆ. ಕಣ್ಣು ಮುಚ್ಚು ಅಂದೆ. ಒಂದು ತುಂಡು ಐಸು ತೆಗೆದು ಅವನ ಕಿರುಬೆರಳಿನ ಸಂದಿಯಲ್ಲಿ ಇಟ್ಟೆ.

"ಐಸ್ ಎಲ್ಲಿತ್ತ್ ಹೇಳ್."

"ಇನ್ನೂ ಇಡ್ಲಿಲ್ಲ ಅಲ್ದಾ?"

ಶೀನಣ್ಣ ಒಂದು ಹೆಜ್ಜೆ ಹತ್ತಿರ ಬಂದ. ನಾನು ಐಸನ್ನು ಹೆಬ್ಬೆರಳಿನ ಬುಡಕ್ಕೆ ಒತ್ತಿದೆ. ನೀರು ಇಳಿದು ಹಿಮ್ಮಡಿಯವರೆಗೆ ಹರಿಯಿತು.

"ಈಗ?"

"ಇಡಿ ಅಕ್ಕ, ಎಷ್ಟ್ ಹೊತ್ತ್ ಕಾಯ್ಸ್ತ್ರಿ?"

ಕಣ್ಣು ತೆರೆದ. ಬೆರಳಿನ ಸಂದಿಯಲ್ಲಿದ್ದ ಐಸನ್ನು ನೋಡಿದ. ನನ್ನ ಕೈ ನೋಡಿದ. ಮತ್ತೆ ಕಾಲು ನೋಡಿದ, ಬೇರೆ ಯಾರದ್ದೋ ಕಾಲು ತನ್ನ ಮೈಗೆ ಅಂಟಿದಂತೆ.

ಕಂಬ! ಎರಡು ವರ್ಷದಿಂದ ಅವನನ್ನು ಎಲ್ಲರೂ ಹೊಗಳಿದ್ದು ಇದಕ್ಕೇ. ಕಾಲಿನಲ್ಲಿ ಜೀವ ಕಡಿಮೆಯಾಗುತ್ತಾ ಹೋದ ಹಾಗೆ ಹೊಗಳಿಕೆ ಹೆಚ್ಚುತ್ತಾ ಹೋಗಿತ್ತು.

ಶೀನಣ್ಣನ ದನಿ ತಗ್ಗಿತು. "ಹೋಗ್ ನಾಗರಾಜ. ಆದ್ರೆ ಅಕ್ಕ, ನಂಗೊಂದ್ ಜನ ಬೇಕಲ್ದಾ? ಈಗ ಎಲ್ಲಿಂದ ತರುದ್?"

ನಾನು ಬಾಯಿ ತೆರೆಯುವ ಮೊದಲೇ ಸುಧಾಕರ ಪ್ಯಾಂಟು ಮೇಲೆ ಮಡಚುತ್ತಿದ್ದ.

"ಬದ್ಲಿ ನಾ ಹೋತೆ."

"ಮನೆಯಲ್ಲಿ ಬಾಳಂತಿ" ಅಂದೆ.

"ಅಬ್ಬಿ ಇದ್ದ್ರ್" ಅಂದ. ತಾಯಿ ಇದ್ದಾರೆ ಎಂದು. " ಅಣ್ಣ ನಂಗೆ ಬದ್ಲಿ ಹೋಗಿದ್ದ ಅಲ್ದಾ ಅಕ್ಕ?"

ಶೀನಣ್ಣನಿಗೆ ಅಭ್ಯಾಸ ಬಿಡಲಿಲ್ಲ. ಸುಧಾಕರನನ್ನು ಸ್ಟೋರಿಗೆ ಇಳಿಸಿ ಐಸಿನ ಮೇಲೆ ನಿಲ್ಲಿಸಿದ. ಹತ್ತು ಎಣಿಸುವುದರೊಳಗೆ ಹುಡುಗ ಎಡಗಾಲು ಎತ್ತಿದ. ಮತ್ತೆ ಬಲಗಾಲು. ಮತ್ತೆ ಎಡಗಾಲು.

"ಇವ ಕಾಲ್ ಬದ್ಲಿಸ್ತ ಅಕ್ಕ" ಎಂದು ಶೀನಣ್ಣ ಮುಖ ಹುಳ್ಳಗೆ ಮಾಡಿದ.

"ಅದೇ ಬೇಕಾದ್ದ್. ಅವ್ನಿಗೊಂದ್ ಬೂಟ್ ಕೊಡ್" ಅಂದೆ.

ಸುಧಾಕರನಿಗೆ ನನ್ನ ಮಾತು ಇಷ್ಟೆ: ನಿನ್ನ ಜಾಗ ಪ್ಲಾಂಟಿನಲ್ಲಿ ಇರುತ್ತದೆ, ಬಂದ ಮೇಲೆ ನಿನ್ನ ರಕ್ತ ನೀನೇ ಕೊಡಬೇಕು. ತಲೆಯಾಡಿಸಿದ. ಅಣ್ಣ ಧಕ್ಕೆಯ ಮೇಲೆ, ತಮ್ಮ ಬೋಟಿನಲ್ಲಿ. ಒಬ್ಬರ ಮುಖ ಒಬ್ಬರು ಹೆಚ್ಚು ಹೊತ್ತು ನೋಡಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಪ್ಲಾಸ್ಟಿಕ್ ಚೀಲವನ್ನು ಕತ್ತರಿಸಿ ತೆಗೆದರು. ವಾಸನೆ ಬಂತು. ಆ ವಾಸನೆ ನಾಗರಾಜನಿಗೂ ಬಂತು, ಮುಖ ತಿರುಗಿಸಿದ. ಅಷ್ಟು ಹೊತ್ತು ನೋವಿಲ್ಲ ನೋವಿಲ್ಲ ಎಂದು ಹೇಳುತ್ತಿದ್ದವನು ಆಮೇಲೆ ಹೇಳಲಿಲ್ಲ.

ಎರಡು ಬೆರಳು ತೆಗೆದರು. ಕಾಲು ಉಳಿಯಿತು.

ಡಾಕ್ಟರಮ್ಮನ ಮೇಜಿನ ಮುಂದೆ ನನ್ನ ಮೊಬೈಲಿನ ವರದಿ ಇಟ್ಟೆ. ಅವರು ತಾರೀಕು ನೋಡಿದರು.

"ಇದು ಬಂದು ಇಷ್ಟು ದಿನ ಆಯಿತಲ್ಲ? ಪೇಷಂಟ್ ಆವತ್ತೇ ಯಾಕೆ ಬರಲಿಲ್ಲ?"

ಪೇಷಂಟಿಗೆ ಗೊತ್ತೇ ಇರಲಿಲ್ಲ ಅಂದೆ. ಪೇಷಂಟು ಯಾರು ಎಂಬುದೂ ನನಗೆ ಗೊತ್ತಿರಲಿಲ್ಲ ಅಂದೆ. ಆವತ್ತೇ ಬಂದಿದ್ದರೆ ಒಂದು ಬೆರಳು ಉಳಿಯುತ್ತಿತ್ತೇ ಎಂದು ಕೇಳಿದೆ. ಉಳಿಯುತ್ತಿತ್ತೇನೋ, ಖಾತ್ರಿಯಾಗಿ ಹೇಳಲಾರೆ ಅಂದರು. ಅವರು ಖಾತ್ರಿಯಾಗಿ ಹೇಳಿದ್ದಿದ್ದರೆ ನನಗೆ ಹಗುರವಾಗುತ್ತಿತ್ತೋ, ಭಾರವಾಗುತ್ತಿತ್ತೋ ಗೊತ್ತಿಲ್ಲ.

"ಷುಗರ್ ಇದೆ ಅಂತ ಕೆಲಸ ಇಲ್ಲ ಅಂದಿರಾ?" ಎಂದು ಆಮೇಲೆ ಕೇಳಿದರು.

"ಹೌದು. ಒದ್ದೆ ನೆಲ..."

"ಹಿಡಿತದಲ್ಲಿದ್ದರೆ, ಕಾಲಿಗೆ ಬೂಟ್ ಇದ್ದರೆ, ಹೊತ್ತಿಗೆ ಊಟ ಇದ್ದರೆ ಎಷ್ಟೋ ಕೆಲಸ ಮಾಡಬಹುದು. ಷುಗರ್, ಬಿಪಿ ಇದ್ದವರನ್ನೆಲ್ಲ ಹೊರಗೆ ಹಾಕಿದರೆ ನಿಮ್ಮ ಪ್ಲಾಂಟಿಗೆ ಯಜಮಾನಿಯೇ ಇರುವುದಿಲ್ಲ." (ನನ್ನ ಬಿಪಿ ಮಾತ್ರೆ ಬರೆದುಕೊಡುವವರು ಅವರೇ.)

ತಮಾಷೆಯ ಮಾತು. ಆದರೆ ವಾಹನ ಹತ್ತಿದ ಮೇಲೂ ಅದು ತಲೆಯಲ್ಲಿ ಕುಟ್ಟುತ್ತಲೇ ಇತ್ತು. ನಾನು ನಾಲ್ಕು ಜನರನ್ನು ಲ್ಯಾಬಿಗೆ ಕಳಿಸಿದ್ದು ಯಾರನ್ನು ಕಾಪಾಡಲು? ನಾಳೆ ಏನಾದರೂ ಆದರೆ ನನ್ನ ತಲೆಗೆ ಬರಬಾರದು ಎಂದು. ಅದು ತಪ್ಪಲ್ಲ, ಪ್ಲಾಂಟ್ ನಡೆಸುವವಳಿಗೆ ಆ ಎಚ್ಚರ ಬೇಕು. ಆದರೆ ಸೂಜಿ ಚುಚ್ಚಿಸಿಕೊಂಡವನು ಅವನು. ರಕ್ತ ಅವನದ್ದು. ಅದು ಹೇಳಿದ ಮಾತು ಬಂದದ್ದು ಮಾತ್ರ ನನ್ನ ಜೇಬಿಗೆ. ಮೀನಿನ ಕಿವಿ ಎತ್ತಿ ನೋಡಿ, ಬೇಡವೆಂದು ಬುಟ್ಟಿಗೆ ವಾಪಸು ಹಾಕಿದ ಹಾಗೆ ನಾನು ಒಬ್ಬ ಮನುಷ್ಯನನ್ನು ವಾಪಸು ಹಾಕಿದ್ದೆ. ಮೀನಿಗಾದರೆ ಕಾರಣ ಹೇಳಬೇಕಾಗಿಲ್ಲ.

ಸುಧಾಕರ ಈಗ ಪ್ಲಾಂಟಿನಲ್ಲಿದ್ದಾನೆ. ಅವನ ರಕ್ತ ಅವನೇ ಕೊಟ್ಟ, ಈ ಸಲ ಲ್ಯಾಬಿನವರು ಆಧಾರ್ ಕಾರ್ಡು ನೋಡಿಯೇ ಸೂಜಿ ಹಿಡಿದರು. ನಾನೇ ಹೇಳಿದ್ದೆ. ಎಲ್ಲ ಸರಿಯಾಗಿದೆ.

ಹೋದ ವಾರ ಊರಿಗೆ ಹೊರಟವನು ಒಂದು ಥರ್ಮಾಕೋಲ್ ಪೆಟ್ಟಿಗೆಗೆ ಐಸು ತುಂಬಿಕೊಳ್ಳುತ್ತಿದ್ದ.

"ಮೀನ್ ತಕಂಡ್ ಹೋತ್ಯಾ?" ಎಂದು ಕೇಳಿದೆ.

"ಅಲ್ಲ ಅಕ್ಕ. ಅಣ್ಣನಿಗೆ. ನಾ ಊರಿಗ್ ಹೋಪಾಗೆಲ್ಲ ಒಂದ್ ತುಂಡ್ ಐಸ್ ತಾ ಅಂಬ. ಕಣ್ಣ್ ಮುಚ್ಚಿ ಕೂಕಂತ. ನಾ ಕಾಲಿಗೆ ಮುಟ್ಸ್ಕ್. ಗೊತ್ತಾತ್ತಾ ಅಂದ್ ಕಾಂತ."

"ಗೊತ್ತಾತ್ತಾ?"

"ಇನ್ನೂ ಇಲ್ಲೆ. ಹೋದ್ ಸಲ ಒಂದ್ ಸಲ 'ಹಾಂ' ಅಂದ. ಆದ್ರೆ ಆಗ ನಾ ಐಸ್ ಮುಟ್ಸಿರ್ಲಿಲ್ಲ."

ಪೆಟ್ಟಿಗೆಯ ಮುಚ್ಚಳ ಹಾಕಿ ಬಸ್ಸಿಗೆ ಓಡಿದ.

ಈಗ ನಿಮಗೆ ನಾಲ್ಕು ಮಾತು. ಕೆಲಸ ಕೊಡುವವರಿಗೆ ಮೊದಲು. ಪರೀಕ್ಷೆ ಮಾಡಿಸಿ, ಬೇಡ ಅನ್ನುವುದಿಲ್ಲ. ಆದರೆ ನಿಮ್ಮ ಕೆಲಸಕ್ಕೆ ಏನು ಬೇಕೋ ಅದನ್ನು ಮಾಡಿಸಿ. ಅಮೋನಿಯಾ ಇರುವಲ್ಲಿ ಉಸಿರು ನೋಡಿಸಿ, ವಾಹನ ಓಡಿಸುವವನಿಗೆ ಕಣ್ಣು ನೋಡಿಸಿ, ಐಸಿನಲ್ಲಿ ನಿಲ್ಲುವವನಿಗೆ ಪಾದ ನೋಡಿಸಿ. ವರದಿಯನ್ನು ನೀವೇ ಓದಿ ತೀರ್ಪು ಕೊಡಬೇಡಿ, ಡಾಕ್ಟರಿಗೆ ಕೇಳಿ. ಇವನಿಗೆ ಈ ಕೆಲಸ ಆಗದಿದ್ದರೆ ಯಾವುದು ಆಗುತ್ತದೆ ಎಂದೂ ಕೇಳಿ. ನೋವು ಗೊತ್ತಾಗದವನನ್ನು ಗಟ್ಟಿಗ ಅನ್ನಬೇಡಿ. ಥಂಡಿಗೆ ಕಾಲು ಎತ್ತುವವನ ಕಾಲು ಸರಿ ಇದೆ ಎಂದು ತಿಳಿಯಿರಿ.

ಕೆಲಸ ಕೇಳಿ ಹೋಗುವವರೇ, ಮದುವೆಗೆ ಬದಲಿ ಕಳಿಸಿ, ಮೀಟಿಂಗಿಗೆ ಕಳಿಸಿ, ಬೋಟಿಗೂ ಕಳಿಸಿ. ಲ್ಯಾಬಿಗೆ ಮಾತ್ರ ನೀವೇ ಹೋಗಿ. ಚಾ ಕುಡಿದಿದ್ದರೆ ಕುಡಿದೆ ಎಂದು ಹೇಳಿ. ಮರುದಿನ ಬನ್ನಿ ಅನ್ನುತ್ತಾರೆ, ಅಷ್ಟೆ. ನಿಮ್ಮ ರಕ್ತದ ವರದಿಯನ್ನು ಯಜಮಾನರಿಂದ ಕೇಳಿ ತೆಗೆದುಕೊಳ್ಳಿ. ಕೆಲಸ ಸಿಕ್ಕಿದರೂ, ಸಿಗದಿದ್ದರೂ.

ಮತ್ತು ನನ್ನ ಹಾಗೆ ಚೌಕಾಸಿ ಮಾಡುವವರಿಗೆ ಕೊನೆಯ ಮಾತು. ಒಂಬೈನೂರನ್ನು ಆರುನೂರಕ್ಕೆ ಇಳಿಸಿ, ಐನೂರಕ್ಕೂ ಇಳಿಸಿ, ನನಗೆ ಸಂತೋಷವೇ. ಅವರವರ ವರದಿ ಅವರವರ ಕೈಗೆ ಹೋಗಲು ಲ್ಯಾಬಿನವರು ಪ್ರಿಂಟಿಗೂ ಕವರಿಗೂ ಕೇಳಿದ್ದು ತಲೆಗೆ ನೂರು ರೂಪಾಯಿ. ಆ ನೂರು ರೂಪಾಯಿಯನ್ನು ಮಾತ್ರ ಮಾತಾಡದೆ ಕೊಟ್ಟುಬಿಡಿ.